ನಾಲ್ಕು ಲಕ್ಷಕ್ಕೆ ಹಳೇ ಡೀಸೆಲ್ ಪಿಕಪ್: ಏಸಾ, ದೋಸ್ತಾ, ಬೊಲೆರೊನಾ?

ಶುಂಠಿ ಚೀಲ ಅಂದರೆ 60 ಕೆಜಿ ಲೆಕ್ಕ. ನಮ್ಮ ಹಾಸನದ ಕಡೆ ಗಾಡಿ ವಿಚಾರ ಯಾರು ಕೇಳಿದರೂ ನಾನು ಮಾತು ಶುರು ಮಾಡುವುದು ಈ ಚೀಲದಿಂದಲೇ. ಟಾಟಾ ಏಸ್‌ಗೆ ಕಂಪನಿ ಹೇಳುವ ಲೋಡು ಸುಮಾರು 750 ಕೆಜಿ, ಅಂದರೆ 12 ಚೀಲ. ಅಶೋಕ್ ಲೇಲ್ಯಾಂಡ್ ದೋಸ್ತ್‌ಗೆ 1,250 ಕೆಜಿ, 20 ಚೀಲ. ಮಹೀಂದ್ರ ಬೊಲೆರೊ ಪಿಕಪ್‌ನ 1.7 ಟನ್ ಮಾದರಿಗೆ 28 ಚೀಲ. ಏಸ್‌ಗೆ 20 ಚೀಲ ಹೇರಿ ಹೋಗುವವರು ಬೇಕಾದಷ್ಟು ಜನ ಇದ್ದಾರೆ, ಗೊತ್ತು. ಅದೇ ಗಾಡಿಯನ್ನು ನಾಳೆ 'ಸಿಂಗಲ್ ಓನರ್, ಹೂವಿನ ಹಾಗೆ ಇಟ್ಕೊಂಡಿದೀನಿ' ಅಂತ ನಿಮ್ಮ ಮುಂದೆ ತಂದು ನಿಲ್ಲಿಸುವವರೂ ಅವರೇ.

ಆದ್ದರಿಂದ ಯಾವ ಗಾಡಿ ಒಳ್ಳೆಯದು ಎಂದು ಕೇಳುವ ಮೊದಲು ನಿಮ್ಮ ಮಾಲು ಏನು, ಒಂದು ಸಲಕ್ಕೆ ಎಷ್ಟು, ಯಾವ ರಸ್ತೆಯಲ್ಲಿ ಎಂಬ ಮೂರು ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳಿ. ಕೋಲಾರದ ಟೊಮೆಟೊ ಬೆಳೆಗಾರ 15 ಕೆಜಿ ಕ್ರೇಟಿನಲ್ಲಿ ಲೆಕ್ಕ ಹಾಕಲಿ, ತಿಪಟೂರಿನವರು ಕೊಬ್ಬರಿ ಚೀಲದಲ್ಲಿ ಹಾಕಲಿ. ಪೇಟೆಯೊಳಗೆ ನೀರಿನ ಕ್ಯಾನು, ದಿನಸಿ ಹಾಕುವವರಿಗೆ ತೂಕಕ್ಕಿಂತ ಗಲ್ಲಿ ಅಗಲವೇ ಮುಖ್ಯ. ಇವರೆಲ್ಲರಿಗೂ ಒಂದೇ ಗಾಡಿ ಹೇಳುವವನು ಬ್ರೋಕರ್ ಮಾತ್ರ.

ಕೈಯಲ್ಲಿ ನಾಲ್ಕು ಲಕ್ಷ ಇದೆ ಎಂದುಕೊಳ್ಳೋಣ. ಅದರಲ್ಲಿ ಮಾರುವವನಿಗೆ ಹೋಗಬೇಕಾದದ್ದು ಮೂರು, ಹೆಚ್ಚೆಂದರೆ ಮೂರೂಕಾಲು. ಉಳಿದದ್ದು ಮೊದಲ ಆರು ತಿಂಗಳಿಗೆ: ಟೈರು, ಬ್ಯಾಟರಿ, ಕ್ಲಚ್ಚು, ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಸರ್ಕಾರಿ ಪತ್ರ), ಇನ್ಶೂರೆನ್ಸ್, ಹೆಸರು ವರ್ಗಾವಣೆ. ಹತ್ತಕ್ಕೆ ಒಂಬತ್ತು ಜನ ಇಡೀ ಹಣವನ್ನು ಗಾಡಿಗೇ ಸುರಿದು, ಮೂರನೇ ತಿಂಗಳಿಗೆ ಪಂಪು ಕೈಕೊಟ್ಟಾಗ ಒಡವೆ ಅಡ ಇಡಲು ಸೊಸೈಟಿಗೆ ಹೋಗುತ್ತಾರೆ.

ಆ ಮೂರೂಕಾಲು ಲಕ್ಷಕ್ಕೆ ಸಿಗುವುದು ಒಂದೇ ವಯಸ್ಸಿನ ಮೂರು ಗಾಡಿಗಳಲ್ಲ, ಇದನ್ನು ಗಮನಿಸಿ. ಅಷ್ಟೇ ದುಡ್ಡಿಗೆ ಏಸ್ ಆದರೆ ಪ್ರಾಯದ ಗಾಡಿ, ದೋಸ್ತ್ ಆದರೆ ನಡುವಯಸ್ಸಿನದು, ಬೊಲೆರೊ ಪಿಕಪ್ ಆದರೆ ಮುದುಕ. ಬೊಲೆರೊಗೆ ಹಳ್ಳಿಯಲ್ಲಿ ಬೆಲೆ ಬೀಳುವುದೇ ಇಲ್ಲ. ಹಾಗಾಗಿ ಪ್ರಾಯದ ಕುದುರೆಮರಿ ಬೇಕೋ, ವಯಸ್ಸಾದರೂ ಭಾರ ಹೊರುವ ಎತ್ತು ಬೇಕೋ ಎಂಬುದು ನಿಜವಾದ ಆಯ್ಕೆ.

ಡೀಸೆಲ್ ಲೆಕ್ಕ ಲೀಟರಿಗಲ್ಲ, ಲೋಡಿಗೆ

'ಏಸ್ 18 ಕೊಡುತ್ತೆ, ಬೊಲೆರೊ 12 ಕೊಡುತ್ತೆ' ಎನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಸುಳ್ಳಲ್ಲ, ಸಾಧಾರಣ ಲೋಡಿನಲ್ಲಿ ಅಷ್ಟೇ ಬರುವುದು. ದೋಸ್ತ್ 15ರ ಹತ್ತಿರ ನಿಲ್ಲುತ್ತದೆ. ಈಗ ಹೋಗಿ ಬರಲು 100 ಕಿಲೋಮೀಟರ್ ದೂರದ ಮಂಡಿಗೆ 28 ಚೀಲ ಸಾಗಿಸಬೇಕು ಎಂದುಕೊಳ್ಳಿ, ಡೀಸೆಲ್ ಲೀಟರಿಗೆ 90 ರೂಪಾಯಿ ಇಟ್ಟುಕೊಳ್ಳಿ. ಬೊಲೆರೊ 1.7 ಟನ್ ಒಂದೇ ಸಲಕ್ಕೆ ಮುಗಿಸುತ್ತದೆ: 750 ರೂಪಾಯಿ. ದೋಸ್ತ್ ಎರಡು ಟ್ರಿಪ್ ಹೊಡೆಯಬೇಕು: 1,200. ಏಸ್ ಮೂರು ಟ್ರಿಪ್: 1,500. ಮೇಲೆ ಡ್ರೈವರ್ ಬಾಟಾ ಮೂರು ಪಟ್ಟು, ಮಂಡಿ ಮುಚ್ಚುವ ಹೊತ್ತು ಬೇರೆ.

ಅದೇ ನಿಮ್ಮ ದಿನದ ಮಾಲು ಹತ್ತು ಚೀಲವೇ ಆಗಿದ್ದರೆ ಲೆಕ್ಕ ಪೂರ್ತಿ ತಿರುಗುತ್ತದೆ. ಹತ್ತು ಚೀಲಕ್ಕೆ ಬೊಲೆರೊ ತೆಗೆದುಕೊಂಡು ಹೋಗುವುದು ಒಬ್ಬನೇ ಮದುವೆಗೆ ಹೋಗಲು ಬಸ್ಸು ಮಾಡಿದ ಹಾಗೆ. ಮೈಲೇಜ್ ಅಂಕಿ ಒಂದನ್ನೇ ಹಿಡಿದು ಗಾಡಿ ಆರಿಸಬೇಡಿ ಎಂದು ಹೇಳುವುದು ಇದಕ್ಕೇ.

ಇನ್ನೊಂದು ಸಂಗತಿ ಬಹಳ ಜನರಿಗೆ ಹೊಳೆಯುವುದಿಲ್ಲ. ಸರಕು ಗಾಡಿಯ ಥರ್ಡ್ ಪಾರ್ಟಿ ಇನ್ಶೂರೆನ್ಸ್ ದರ ಒಟ್ಟು ತೂಕದ ಮೇಲೆ ನಿಲ್ಲುತ್ತದೆ, ಮತ್ತು ಅದರ ಮೊದಲ ಮೆಟ್ಟಿಲೇ 7,500 ಕೆಜಿವರೆಗೆ. 2022ರ ದರಪಟ್ಟಿಯಲ್ಲಿ ಅದು ವರ್ಷಕ್ಕೆ 16,049 ರೂಪಾಯಿ, ಜಿಎಸ್‌ಟಿ ಬೇರೆ. ಅಂದರೆ 12 ಚೀಲದ ಏಸ್‌ಗೂ 28 ಚೀಲದ ಬೊಲೆರೊಗೂ ಒಂದೇ ಕಂತು. 'ಚಿಕ್ಕ ಗಾಡಿ, ಖರ್ಚು ಕಮ್ಮಿ' ಎಂದುಕೊಂಡು ಒಂದೂವರೆ ಲಕ್ಷದ ಹಳೇ ಏಸ್ ತಂದವನಿಗೆ ವರ್ಷದ ಇನ್ಶೂರೆನ್ಸೇ ಗಾಡಿ ಬೆಲೆಯ ಹತ್ತನೇ ಒಂದು ಭಾಗ ನುಂಗುತ್ತದೆ. ಸ್ವಂತ ಡ್ಯಾಮೇಜ್ ಕವರ್ ಇದರಲ್ಲಿ ಇಲ್ಲ.

ಎಫ್‌ಸಿ ವಿಷಯವೂ ಹಾಗೆಯೇ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ. ಎಂಟು ದಾಟಿದ ಗಾಡಿ ಎಂದರೆ ಪ್ರತಿವರ್ಷ ಟಿಂಕರಿಂಗ್, ಪೇಂಟು, ಬ್ರೇಕು, ರಿಫ್ಲೆಕ್ಟರ್ ಪಟ್ಟಿ, ಒಂದೆರಡು ದಿನದ ಬಾಡಿಗೆ ನಷ್ಟ. 15 ವರ್ಷ ದಾಟಿದರೆ ಶುಲ್ಕವೇ ಎಷ್ಟೋ ಪಟ್ಟು ಏರುತ್ತದೆ. ಮುದುಕ ಬೊಲೆರೊ ಕೊಳ್ಳುವವರು ಈ ಖರ್ಚನ್ನು ಬೆಲೆಗೆ ಕೂಡಿಸಿ ನೋಡಬೇಕು.

ಮೂವರ ಸ್ವಭಾವ

ಟಾಟಾ ಏಸ್ ಬಂದದ್ದು 2005ರಲ್ಲಿ. ಅದಕ್ಕಿಂತ ಮೊದಲು ಮೂರು ಚಕ್ರದ ಲಗೇಜ್ ಆಟೊ ಬಿಟ್ಟರೆ ದೊಡ್ಡ ಟೆಂಪೊ, ನಡುವೆ ಏನೂ ಇರಲಿಲ್ಲ ಎನ್ನಬಹುದು. 702 ಸಿಸಿ, ಎರಡು ಸಿಲಿಂಡರ್, ಹಳೆಯದರಲ್ಲಿ 16 ಹಾರ್ಸ್‌ಪವರ್. ಟರ್ಬೊ ಇಲ್ಲ, ಕಾಮನ್ ರೈಲ್ (ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಚಿಮ್ಮಿಸುವ ವ್ಯವಸ್ಥೆ) ಇಲ್ಲ. ಮಾಮೂಲಿ ಡೀಸೆಲ್ ಮೆಕ್ಯಾನಿಕ್ ಬಿಚ್ಚಿ ಜೋಡಿಸಬಲ್ಲ ಇಂಜಿನ್. ಬಿಡಿಭಾಗ ಹೋಬಳಿ ಕೇಂದ್ರದಲ್ಲೂ ಸಿಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರಂತೂ ಹೊಸದು, ಹಳೆಯದು, ನಕಲಿ, ಮೂರೂ ಒಂದೇ ಅಂಗಡಿ ಸಾಲಿನಲ್ಲಿ.

ಅದರ ಮಿತಿ ಘಾಟಿಯಲ್ಲಿ ಕಾಣುತ್ತದೆ. ಶಿರಾಡಿಯಲ್ಲಿ ಲೋಡ್ ಏಸ್ ಹತ್ತುವುದನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ. ಹಿಂದಿನವರ ಹಾರ್ನು, ಮುಂದಿನವನ ಬೆವರು. ಏರಿನಲ್ಲಿ ಕೆಳ ಗೇರಿನಲ್ಲೇ ಒದ್ದಾಡಿಸಿ, ರೇಡಿಯೇಟರ್ ನೀರು ನೋಡದೆ ಬಿಟ್ಟರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಚಕ್ರ 12 ಇಂಚು, ಆದ್ದರಿಂದ ಮಳೆಗಾಲದ ತೋಟದ ದಾರಿಗೆ ಒಗ್ಗುವುದಿಲ್ಲ. ಬಯಲುಸೀಮೆ, ಡಾಂಬರು ರಸ್ತೆ, ಪೇಟೆಯ ಒಳಗೆ ದಿನಕ್ಕೆ 40-50 ಕಿಲೋಮೀಟರ್, ಇಷ್ಟು ಇದರ ಸಾಮ್ರಾಜ್ಯ. ಅಲ್ಲಿ ಇದನ್ನು ಮೀರಿಸುವುದು ಕಷ್ಟ.

ದೋಸ್ತ್ ಹುಟ್ಟಿದ್ದು 2011ರಲ್ಲಿ, ಅಶೋಕ್ ಲೇಲ್ಯಾಂಡ್ ಮತ್ತು ಜಪಾನಿನ ನಿಸ್ಸಾನ್ ಕೂಡಿ ಮಾಡಿದ ಗಾಡಿ. ತಯಾರಾಗುವುದು ನಮ್ಮ ಗಡಿಯಾಚೆಯ ಹೊಸೂರಿನಲ್ಲಿ. 2016ರಲ್ಲಿ ನಿಸ್ಸಾನ್ ಪಾಲನ್ನು ಲೇಲ್ಯಾಂಡೇ ಕೊಂಡಿತು, ಗಾಡಿ ನಿಲ್ಲಲಿಲ್ಲ, ಆದ್ದರಿಂದ ಬಿಡಿಭಾಗಕ್ಕೆ ಭಯವಿಲ್ಲ. 1,478 ಸಿಸಿ, ಮೂರು ಸಿಲಿಂಡರ್, ಟರ್ಬೊ, ಮೊದಲಿನಿಂದಲೂ ಕಾಮನ್ ರೈಲ್. 55-58 ಹಾರ್ಸ್‌ಪವರ್. ಏಸ್‌ನಿಂದ ಇಳಿದು ದೋಸ್ತ್ ಹತ್ತಿದವರಿಗೆ ಕಾರು ಓಡಿಸಿದ ಹಾಗಾಗುತ್ತದೆ. ಮೇಲಿನ ಮಾದರಿಗಳಿಗೆ ಪವರ್ ಸ್ಟೀರಿಂಗ್ ಇದೆ, ಕೆಳಗಿನದಕ್ಕೆ ಇಲ್ಲ. ಹಳೇ ಗಾಡಿಯಲ್ಲಿ ಆ ವ್ಯತ್ಯಾಸಕ್ಕೆ ಹತ್ತಿಪ್ಪತ್ತು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ, ನಿಮ್ಮ ಭುಜ ನಿಮಗೆ ಬೇಕು. 2017ರ ಸುಮಾರಿಗೆ ಬಂದ ದೋಸ್ತ್ ಪ್ಲಸ್‌ನಲ್ಲಿ ಲೋಡು ಒಂದೂವರೆ ಟನ್ನಿನ ಹತ್ತಿರಕ್ಕೆ ಏರಿತು.

ದೋಸ್ತ್‌ನ ಗುಣವೇ ಅದರ ದೋಷವೂ ಹೌದು. ಕಾಮನ್ ರೈಲ್ ಎಂದರೆ ಕೊಳಕು ಡೀಸೆಲ್ ತಡೆಯದು. ಕ್ಯಾನಿನಲ್ಲಿ ತಂದು ಸೋಸದೆ ಸುರಿದ ಡೀಸೆಲ್, ಬದಲಾಯಿಸದ ಫಿಲ್ಟರ್, ಇವೆರಡು ಸೇರಿದರೆ ಇಂಜೆಕ್ಟರ್ ಹೋಗುತ್ತದೆ. ಇಂಜೆಕ್ಟರ್ ಹೋದರೆ ನಮ್ಮೂರ ಮೆಕ್ಯಾನಿಕ್ ತಲೆ ಕೆರೆದುಕೊಂಡು ಸ್ಕ್ಯಾನರ್ ಇರುವ ಪೇಟೆಗೆ ಕಳಿಸುತ್ತಾನೆ. ಪರೀಕ್ಷೆ, ರಿಪೇರಿ, ಎಳೆದುಕೊಂಡು ಹೋದ ಬಾಡಿಗೆ, ಎಲ್ಲ ಸೇರಿ ಒಂದು ಬೆಳೆಯ ಲಾಭ. ನಿಮ್ಮ ಊರಿನಿಂದ 30 ಕಿಲೋಮೀಟರ್ ಒಳಗೆ ಸ್ಕ್ಯಾನರ್ ಹಿಡಿಯಬಲ್ಲ ಮೆಕ್ಯಾನಿಕ್ ಇದ್ದರೆ ದೋಸ್ತ್ ಧಾರಾಳವಾಗಿ ತಗೊಳ್ಳಿ. ಇಲ್ಲದಿದ್ದರೆ ಎರಡು ಸಲ ಯೋಚಿಸಿ.

ಬೊಲೆರೊ ಪಿಕಪ್ ಬಗ್ಗೆ ಹೊಗಳಿ ಬರೆಯುವ ಅಗತ್ಯವೇ ಇಲ್ಲ, ಚಿಕ್ಕಮಗಳೂರಿನ ಯಾವ ಕಾಫಿ ತೋಟದ ಗೇಟಿನ ಮುಂದೆ ನಿಂತರೂ ಅರ್ಧ ಗಂಟೆಯಲ್ಲಿ ನಾಲ್ಕು ಕಾಣುತ್ತವೆ. 2,523 ಸಿಸಿ, ನಾಲ್ಕು ಸಿಲಿಂಡರ್, ಗಟ್ಟಿ ಚಾಸಿ, ಮುಂದೆ ಮೂಗು ಇರುವ ಬಾಡಿ. ಈ ಮೂಗು ಸಣ್ಣ ಸಂಗತಿಯಲ್ಲ. ಏಸ್, ದೋಸ್ತ್ ಎರಡರಲ್ಲೂ ಇಂಜಿನ್ ಸೀಟಿನ ಕೆಳಗೆ ಕೂತಿದೆ, ಎದುರಿಂದ ಗುದ್ದಿದರೆ ಮೊದಲು ಸಿಗುವುದು ನಿಮ್ಮ ಮೊಣಕಾಲು. ರಾತ್ರಿ ಹೆದ್ದಾರಿಯಲ್ಲಿ ಓಡಿಸುವವರು, ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುವವರು, ಇದನ್ನು ತೂಕದಷ್ಟೇ ಗಂಭೀರವಾಗಿ ತಗೊಳ್ಳಬೇಕು.

ನಿಮ್ಮ ಬಜೆಟ್ಟಿನಲ್ಲಿ ಸಿಗುವ ಬೊಲೆರೊ ಹೆಚ್ಚಾಗಿ 2017ರ ಏಪ್ರಿಲ್ 1ಕ್ಕಿಂತ ಹಿಂದಿನದು, ಅಂದರೆ ದೇಶವಿಡೀ ಬಿಎಸ್4 ಎಂಬ ಹೊಗೆ ನಿಯಮ ಕಡ್ಡಾಯವಾಗುವ ಮೊದಲಿನದು. ಕಂಪ್ಯೂಟರ್ ಇಲ್ಲದೆ ಪಂಪಿನಿಂದಲೇ ಡೀಸೆಲ್ ಹೊಡೆಯುವ ಹಳೇ ಡಿಐ ಇಂಜಿನ್ ಇದ್ದರೆ ಪಂಪು, ನಾಜಲ್ ಕೆಲಸ ತಾಲ್ಲೂಕು ಕೇಂದ್ರದಲ್ಲೇ ಮುಗಿಯುತ್ತದೆ. ಆಮೇಲಿನದು ಕಾಮನ್ ರೈಲ್. ಗದ್ದಲ ಕಮ್ಮಿ, ಎಳೆತ ಜಾಸ್ತಿ, ರಿಪೇರಿ ದುಬಾರಿ. ಮಾರುವವನು 'ಬೊಲೆರೊ ಪಿಕಪ್' ಎಂದಷ್ಟೇ ಹೇಳುತ್ತಾನೆ. ಒಂದೂಕಾಲು ಟನ್ನಿನದೋ, 1.5ರದೋ, 1.7ರದೋ ಎಂದು ಆರ್‌ಸಿ ನೋಡಿ ನೀವೇ ತಿಳಿಯಬೇಕು. ಇದೇ ಇಂಜಿನ್ನಿನ ತಮ್ಮ ಮ್ಯಾಕ್ಸಿ ಟ್ರಕ್ ಕೂಡ ಇದೆ, ಲೋಡು ಸ್ವಲ್ಪ ಕಮ್ಮಿ, ಬೆಲೆಯೂ ಕಮ್ಮಿ. ಬ್ಯಾಡ್ಜಿಗೆ ಆಸೆಪಡದವರು ಇದನ್ನು ಹುಡುಕಿ ನೋಡಬಹುದು.

ಆರ್‌ಸಿಯಲ್ಲಿ ಒಟ್ಟು ತೂಕ ನೋಡಲು ಇನ್ನೊಂದು ಕಾರಣ ಇದೆ. 3,000 ಕೆಜಿ ಮೀರದ ಸರಕು ಗಾಡಿಗೆ ಮೋಟಾರು ವಾಹನ ಕಾಯ್ದೆಯಲ್ಲಿ ಪರ್ಮಿಟ್ ಬೇಕಿಲ್ಲ. ಏಸ್, ದೋಸ್ತ್ ಈ ಗೆರೆಯೊಳಗೆ ಬರುತ್ತವೆ. 1.7 ಟನ್ ಬೊಲೆರೊ ಗೆರೆ ದಾಟುತ್ತದೆ, ಪರ್ಮಿಟ್ ಖರ್ಚು ಓಡಾಟ ನಿಮ್ಮ ಪಾಲಿಗೆ. ಲೈಸೆನ್ಸ್ ಬಗ್ಗೆ ಮಾತ್ರ ಚಿಂತೆ ಬೇಡ. 7,500 ಕೆಜಿವರೆಗಿನ ಸರಕು ಗಾಡಿಯನ್ನು ಎಲ್‌ಎಂವಿ (ಹಗುರ ವಾಹನ) ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಖಚಿತಪಡಿಸಿದೆ.

ಉಳಿದವರ ಸಂಗತಿ ಚುಟುಕಾಗಿ. ಟಾಟಾ ಸೂಪರ್ ಏಸ್ ಹೆಸರಿಗೆ ಏಸ್, ಒಳಗೆ ಇಂಡಿಕಾ ಕಾರಿನ ವಂಶದ 1.4 ಲೀಟರ್ ಟರ್ಬೊ. ಒಂದು ಟನ್ ಲೋಡು, ಬೆಲೆ ಕಮ್ಮಿ, ಆದರೆ ಚೆನ್ನಾಗಿರುವ ಗಾಡಿ ಸಿಗುವುದು ಅಪರೂಪ. ಟಾಟಾ 207 ಡಿಐ ಕಲ್ಲಿನಂಥ ಗಾಡಿ, ಮೂರು ಲೀಟರ್ ಇಂಜಿನ್, ಆದರೆ ಈಗ ಸಿಗುವುದೆಲ್ಲ ತೀರಾ ಹಳೆಯವು. ಟಾಟಾ ಇಂಟ್ರಾ 2019ರಲ್ಲಿ ಬಂದದ್ದು. ಈ ಬಜೆಟ್ಟಿಗೆ ಎಟುಕಿದರೆ ದೋಸ್ತ್‌ಗೆ ಸಮನಾದ ಪೈಪೋಟಿ, ಆದರೆ ಎರಡು ಸಿಲಿಂಡರಿನ ವಿ10ಗೂ ದೊಡ್ಡ ಇಂಜಿನ್ನಿನ ವಿ20, ವಿ30ಗೂ ಅಜಗಜಾಂತರ, ಹೆಸರು ನೋಡಿ ಮೋಸ ಹೋಗಬೇಡಿ. ಮಾರುತಿ ಸೂಪರ್ ಕ್ಯಾರಿಯ ಡೀಸೆಲ್ ಮಾದರಿ 2020ಕ್ಕೆ ನಿಂತುಹೋಯಿತು. ಮಹೀಂದ್ರ ಮ್ಯಾಕ್ಸಿಮೊ ಕೂಡ ನಿಂತದ್ದೇ. ಎಷ್ಟು ಅಗ್ಗಕ್ಕೆ ಕೊಟ್ಟರೂ ಮೊದಲ ಗಾಡಿಯಾಗಿ ಇವೆರಡನ್ನು ನಾನು ಹೇಳುವುದಿಲ್ಲ.

ಗಾಡಿಯ ಹಿಂದಿನ ಕಸುಬು

ಮಾಡೆಲ್ಲಿಗಿಂತ ಮುಖ್ಯವಾದ ವಿಷಯ ಇದು. ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡೇ.

ಏಳೆಂಟು ವರ್ಷದ ಕೆಳಗೆ ಒಬ್ಬ ಬ್ರೋಕರ್ ಕಡೆಯಿಂದ ಒಂದು ಪಿಕಪ್ ತಂದೆ. ಉಡುಪಿಯ ಕೆಎ-20 ನಂಬರು. ಹೊಸ ಪೇಂಟು, ಹೊಸ ಸೀಟ್ ಕವರು, ಇಂಜಿನ್ ಸದ್ದು ಗಡಿಯಾರದ ಹಾಗೆ. ಏಳು ತಿಂಗಳಿಗೆ ಎಫ್‌ಸಿಗೆ ಬಿಟ್ಟಾಗ ಟಿಂಕರ್ ಕೆಳಗೆ ಮಲಗಿ ಸ್ಕ್ರೂಡ್ರೈವರ್ ತಗೊಂಡು ಚಾಸಿಗೆ ಚುಚ್ಚಿದ. ಹಿಂದಿನ ಪಟ್ಟಾ (ಭಾರ ಹೊರುವ ಸ್ಪ್ರಿಂಗ್ ಪಟ್ಟಿ) ಕೂರುವ ಜಾಗದ ಹತ್ತಿರ ಸ್ಕ್ರೂಡ್ರೈವರ್ ಬೆಣ್ಣೆಗೆ ಇಳಿದ ಹಾಗೆ ಒಳಗೆ ಹೋಯಿತು. ಆ ಗಾಡಿ ಮೀನು ಹೊತ್ತದ್ದು. ಐಸು ಕರಗಿದ ಉಪ್ಪುನೀರು ವರ್ಷಗಟ್ಟಲೆ ಹಲಗೆ ಸಂದಿಯಿಂದ ಸೋರಿ ಚಾಸಿಯನ್ನು ತಿಂದಿತ್ತು. ಪ್ಲೇಟ್ ಹಾಕಿಸಿ ವೆಲ್ಡ್ ಮಾಡಿಸಲು 38 ಸಾವಿರ ಆಯಿತು, ಆಮೇಲೂ ಲೋಡು ಹಾಕುವಾಗ ಎದೆ ಢವಢವ. ಕರಾವಳಿ ನಂಬರಿನ ಗಾಡಿಗಳೆಲ್ಲ ಹೀಗೆ ಎಂದಲ್ಲ. ಆದರೆ ಕೆಎ-19, 20, 30 ಕಂಡರೆ ನಾನು ಈಗ ಮಧ್ಯಾಹ್ನ ಬಿಸಿಲಲ್ಲಿ ಹೋಗಿ ಬಾಡಿ ಹಲಗೆಗೆ ಮೂಗು ಹಚ್ಚುತ್ತೇನೆ. ಬಿಸಿಲಿಗೆ ಮೀನಿನ ವಾಸನೆ ಎಷ್ಟು ಪೇಂಟ್ ಹೊಡೆದರೂ ಎದ್ದು ಬರುತ್ತದೆ. ನೋಡಿದವರು ನಗುತ್ತಾರೆ, ನಗಲಿ.

ಎಂ-ಸ್ಯಾಂಡ್, ಜಲ್ಲಿ, ಸಿಮೆಂಟ್ ಹೊತ್ತ ಗಾಡಿ ಬೇಡವೇ ಬೇಡ. ಹಲಗೆಯಲ್ಲಿ ತಗ್ಗು ಬಿದ್ದಿರುತ್ತದೆ, ಮೂಲೆಯಲ್ಲಿ ಸಿಮೆಂಟ್ ಗಟ್ಟಿಯಾಗಿ ಅಂಟಿರುತ್ತದೆ, ಕೆರೆದರೂ ಹೋಗದು. ಹಾಲಿನ ರೂಟಿನ ಗಾಡಿ ಎಂದರೆ ದಿನಾ ಎರಡು ಹೊತ್ತು, ಮುನ್ನೂರ ಅರವತ್ತೈದು ದಿನ, ಹೆಜ್ಜೆಗೊಂದು ನಿಲುಗಡೆ. ಲೋಡು ಹದವಾಗಿಯೇ ಇರುತ್ತದೆ, ಆದರೆ ಕ್ಲಚ್ಚು, ಸೆಲ್ಫು, ಬ್ರೇಕು ಸವೆದಿರುತ್ತವೆ. ಅದನ್ನು ಬೆಲೆಯಲ್ಲಿ ಕಳೆದು ಕೊಳ್ಳಬಹುದು. ಕೋಳಿ ಗಾಡಿಯಲ್ಲಿ ಲೋಡು ಹಗುರ, ಆದರೆ ರಾತ್ರಿಯಿಡೀ ಓಟ, ಹಿಕ್ಕೆಗೆ ಬಾಡಿ ತುಕ್ಕು. ದಿನಸಿ ಅಂಗಡಿಯವರು, ಬೇಕರಿಯವರು, ಹಾರ್ಡ್‌ವೇರ್ ಅಲ್ಲದ ಅಂಗಡಿಯವರು ಸ್ವಂತಕ್ಕೆ ಇಟ್ಟುಕೊಂಡ ಗಾಡಿ ಸಿಕ್ಕರೆ ಹತ್ತು ಸಾವಿರ ಹೆಚ್ಚಾದರೂ ಬಿಡಬೇಡಿ. ಓನರೇ ಡ್ರೈವರ್ ಆಗಿದ್ದರೆ ಇನ್ನೂ ವಾಸಿ.

ಓವರ್‌ಲೋಡ್ ಮಾಡಿದ ಗಾಡಿಯನ್ನು ಪಟ್ಟಾ ಹೇಳಿಬಿಡುತ್ತದೆ. ಹಿಂದಿನ ಪಟ್ಟಾ ಎಷ್ಟಿವೆ ಎಣಿಸಿ. ಕಂಪನಿ ಕೊಟ್ಟದ್ದಕ್ಕಿಂತ ಒಂದೆರಡು ಹೆಚ್ಚು ಸೇರಿಸಿದ್ದರೆ, ಹೊಸ ಯು-ಬೋಲ್ಟ್ ಹೊಳೆಯುತ್ತಿದ್ದರೆ, ಈ ಗಾಡಿ ಯಾವ ಜೀವನ ಮಾಡಿದೆ ಎಂದು ಊಹಿಸಿ. ಕ್ಯಾಬಿನ್ನಿನ ಹಿಂದೆ, ಲೋಡ್ ಬಾಡಿ ಶುರುವಾಗುವಲ್ಲಿ ಚಾಸಿಯ ಮೇಲೆ ವೆಲ್ಡಿಂಗ್ ಗುರುತು ಇದ್ದರೆ ಅಲ್ಲಿಂದ ಚಹಾ ಕುಡಿದು ಎದ್ದು ಬನ್ನಿ.

ನೋಡಲು ಹೋಗುವ ದಿನ

ಬೆಳಿಗ್ಗೆ ಏಳಕ್ಕೇ ಹೋಗಿ, ಹೋಗುವ ಮೊದಲು ಫೋನ್ ಮಾಡಿ 'ಗಾಡಿ ಸ್ಟಾರ್ಟ್ ಮಾಡಬೇಡಿ' ಎನ್ನಿ. ಹೋದ ಕೂಡಲೇ ಬಾನೆಟ್ ಅಥವಾ ಸೀಟು ಎತ್ತಿ ಇಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅವರಿಗೆ ಮುಚ್ಚಿಡಲು ಏನೋ ಇದೆ. ತಣ್ಣಗಿನ ಇಂಜಿನ್ ಒಂದೆರಡು ಸುತ್ತಿನಲ್ಲೇ ಸ್ಟಾರ್ಟ್ ಆಗಬೇಕು. ಮೊದಲು ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ನಿಲ್ಲದಿದ್ದರೆ, ರೇಡಿಯೇಟರ್ ನೀರೂ ಕಮ್ಮಿಯಾಗುತ್ತಿದ್ದರೆ, ಹೆಡ್ ಕಡೆ ಅನುಮಾನ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ, ಬೋರು ಸವೆದಿದೆ ಅಥವಾ ಟರ್ಬೊ ಸೋರುತ್ತಿದೆ. ಏರಿನಲ್ಲಿ ಕಪ್ಪು ಹೊಗೆ ಬಂದರೆ ನಾಜಲ್ ಅಥವಾ ಗಾಳಿ ಫಿಲ್ಟರ್, ಇದು ಮೂರರಲ್ಲಿ ಅಗ್ಗದ ರೋಗ.

ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅಲ್ಲೇ ಮಗುಚಿ ಇಡಿ. ಸ್ವಲ್ಪ ಅದುರುವುದು ಸಹಜ. ಹೊಗೆ ಬುಸುಬುಸು ಎದ್ದು ಮುಚ್ಚಳ ಹಾರಿ ಬಿದ್ದರೆ ಬೋರ್ ಕೆಲಸ ಹತ್ತಿರದಲ್ಲಿದೆ. ಮುಚ್ಚಳದ ಒಳಗೆ ಹಾಲಿನ ಕೆನೆಯ ಬಣ್ಣದ ಅಂಟು ಇದ್ದರೆ ನೀರು ಆಯಿಲ್ಲಿಗೆ ಸೇರಿದೆ.

ಖಾಲಿ ಗಾಡಿ ಓಡಿಸಿ ಏನೂ ತಿಳಿಯದು. ಹತ್ತು ಚೀಲ ಮಾಲೋ, ಆರೇಳು ಜನರ ತೂಕದಷ್ಟು ಕಲ್ಲೋ ಹಾಕಿಸಿ ಒಂದು ಏರು ಹತ್ತಿಸಿ. ಮಾರುವವನು ಗೊಣಗುತ್ತಾನೆ, ಡೀಸೆಲ್ ಹಣ ನೀವೇ ಕೊಡಿ. ಏರಿನಲ್ಲಿ ಇಂಜಿನ್ ಕೂಗಿ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಜಾರುತ್ತಿದೆ. ಇಳುಕಲಿನಲ್ಲಿ ಎರಡನೇ ಗೇರ್ ತಾನಾಗಿ ಕಳಚಿದರೆ ಗೇರ್ ಬಾಕ್ಸ್. ವೇಗ ಹೆಚ್ಚಿದಂತೆ ಹಿಂದಿನಿಂದ 'ಗುಂಯ್' ಎಂದು ಒಂದೇ ಸಮ ರಾಗ ಬಂದರೆ ಹೌಸಿಂಗ್‌ನ ಕ್ರೌನು ಪಿನಿಯನ್ನು, ಅಂದರೆ ಹಿಂದಿನ ಆಕ್ಸಲ್ ಒಳಗಿನ ಹಲ್ಲುಚಕ್ರ, ಸವೆದಿದೆ. ಮೀಟರ್ ಅಂಕಿಯನ್ನು ನಾನು ನೋಡುವುದೇ ಇಲ್ಲ. ಕ್ಲಚ್ ಪೆಡಲಿನ ರಬ್ಬರು ಹಿಂದಿನ ಕಬ್ಬಿಣ ಕಾಣುವಷ್ಟು ಸವೆದು, ಮೀಟರ್ 60 ಸಾವಿರ ತೋರಿಸುತ್ತಿದ್ದರೆ ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಕೇಳಬೇಕಿಲ್ಲ.

ಅಪ್ಪಿತಪ್ಪಿ ಬಿಎಸ್6 ಗಾಡಿ ಬಜೆಟ್ಟಿಗೆ ಸಿಕ್ಕರೆ, ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದೆಯೋ, ಆಡ್‌ಬ್ಲೂ (ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿಗೆ ಹಾಕುವ ದ್ರವ) ಹಾಕಬೇಕೋ ಎಂದು ಮೊದಲು ಕೇಳಿ. ಡಿಪಿಎಫ್ ಇರುವ ಇಂಜಿನ್ನಿಗೆ ಆಗಾಗ ಉದ್ದ ಓಟ ಬೇಕು. ದಿನಾ ಐದಾರು ಕಿಲೋಮೀಟರ್ ಮನೆ-ಅಂಗಡಿ ಓಡಾಟಕ್ಕೆ ಅದು ಮಸಿ ಕಟ್ಟಿಕೊಂಡು ಕೂರುತ್ತದೆ. ಕೀ ತಿರುಗಿಸಿದಾಗ ಇಂಜಿನ್ ಲೈಟ್ ಹತ್ತಿ, ಸ್ಟಾರ್ಟ್ ಆದಮೇಲೆ ಆರಬೇಕು. ಹತ್ತುವುದೇ ಇಲ್ಲ ಎಂದರೆ ಬಲ್ಬ್ ಕಿತ್ತಿದ್ದಾರೆ.

ಕಾಗದ

ಇಲ್ಲಿ ಆತುರ ಬೇಡ. ಆರ್‌ಟಿಒ ಕಚೇರಿಯಿಂದ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ. ಗಾಡಿಯ ಹುಟ್ಟಿನಿಂದ ಇವತ್ತಿನವರೆಗಿನ ಓನರುಗಳು, ಸಾಲ, ತೆರಿಗೆ ಅದರಲ್ಲಿ ಕಾಣುತ್ತದೆ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿ ಹೆಸರು ಹಾಗೇ ಉಳಿದಿರುವುದು ಮಾಮೂಲು. ಸಾಲ ತೀರಿದೆ ಎಂದು ಆ ಕಂಪನಿ ಕೊಡುವ ಎನ್‌ಒಸಿ ಮತ್ತು ಫಾರಂ 35 ಮಾರುವವನೇ ತಂದುಕೊಡಲಿ. ಹೆಸರು ಬದಲಾವಣೆಗೆ ಫಾರಂ 29, 30. ಬೇರೆ ರಾಜ್ಯದ ಗಾಡಿಗೆ ಫಾರಂ 28ರ ಎನ್‌ಒಸಿ ಬೇಕು, ಜೊತೆಗೆ ಇಲ್ಲಿನ ತೆರಿಗೆ ಮತ್ತೆ ಕಟ್ಟಬೇಕು. ಹಳೇ ಡೀಸೆಲ್ ಗಾಡಿಗೆ ದೆಹಲಿಯಲ್ಲಿ ಕಡಿವಾಣ ಇರುವುದರಿಂದ ಅಲ್ಲಿನ ಗಾಡಿಗಳು ಅಗ್ಗಕ್ಕೆ ಬರುತ್ತವೆ ಎಂದು ಆಸೆ ಹುಟ್ಟಿಸುವವರಿದ್ದಾರೆ. ಸಾಗಣೆ, ತೆರಿಗೆ, ಓಡಾಟ ಕೂಡಿಸಿದರೆ ಆ ಅಗ್ಗ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ.

ಚಾಸಿ ನಂಬರಿನ ಮೇಲೆ ಬಿಳಿ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ನೋಂದಣಿ ವರ್ಷ ಬೇರೆ, ತಯಾರಾದ ವರ್ಷ ಬೇರೆ ಎಂಬುದೂ ನೆನಪಿರಲಿ. ಬಿಎಸ್4 ಗಾಡಿಗಳ ನೋಂದಣಿ 2020ರ ಮಾರ್ಚ್ 31ಕ್ಕೆ ಕೊನೆಯಾದ್ದರಿಂದ ಉಳಿದ ದಾಸ್ತಾನು ಆ ತಿಂಗಳಲ್ಲಿ ತರಾತುರಿಯಲ್ಲಿ ನೋಂದಣಿಯಾಯಿತು. '2020 ಮಾಡೆಲ್' ಎಂದು ಮಾರುವ ಎಷ್ಟೋ ಗಾಡಿ 2019ರಲ್ಲಿ ಹುಟ್ಟಿದ್ದು. ಹಾಗೆಯೇ 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗೆ ಎಚ್‌ಎಸ್‌ಆರ್‌ಪಿ ಪ್ಲೇಟ್ ಹಾಕಿಸಿದ್ದಾರೋ, ದಂಡದ ಚಲನ್ ಬಾಕಿ ಇದೆಯೋ ಎಂದೂ ನೋಡಿ. ಬೆಂಗಳೂರಲ್ಲಿ ಓಡಿದ ಗಾಡಿಯಾದರೆ ಚಲನ್ ಇದ್ದೇ ಇರುತ್ತದೆ.

ಹೆಸರು 30 ದಿನದೊಳಗೆ ಬದಲಾಯಿಸಿಕೊಳ್ಳಿ, ಇನ್ಶೂರೆನ್ಸ್ 14 ದಿನದೊಳಗೆ. ಹಳೇ ಓನರ್ ಹೆಸರಲ್ಲೇ ವರ್ಷಗಟ್ಟಲೆ ಓಡಿಸುವ ಚಟ ನಮ್ಮಲ್ಲಿ ಇದೆ. ಅಪಘಾತವಾದರೆ ಕೋರ್ಟು ಹುಡುಕುವುದು ದಾಖಲೆಯಲ್ಲಿರುವ ಓನರನ್ನು, ಆ ಓನರ್ ಹುಡುಕುವುದು ನಿಮ್ಮನ್ನು. ಕೂಲಿಯವರನ್ನು ಹಿಂದೆ ತುಂಬಿಕೊಂಡು ತೋಟಕ್ಕೆ ಹೋಗುವುದೂ ಅಂಥದ್ದೇ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡವರಿಗೆ ವಿಮೆ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ.

ಸಾಲ ಮಾಡಿಯೇ ತಗೊಳ್ಳುವುದಾದರೆ ಫ್ಲಾಟ್ ಬಡ್ಡಿಯ ಲೆಕ್ಕ ಬಿಡಿಸಿ ನೋಡಿ. ಮೂರು ಲಕ್ಷಕ್ಕೆ ಮೂರು ವರ್ಷ, '10 ಪರ್ಸೆಂಟ್ ಫ್ಲಾಟ್' ಎಂದರೆ ಬಡ್ಡಿ 90 ಸಾವಿರ, ಕಂತು 10,833. ಕೇಳಲು ಹಗುರ. ಬ್ಯಾಂಕಿನವರು ಲೆಕ್ಕ ಹಾಕುವ ಹಾಗೆ ಇಳಿಯುವ ಅಸಲಿನ ಮೇಲೆ ನೋಡಿದರೆ ಅದು ಸುಮಾರು 18 ಪರ್ಸೆಂಟ್.

ಹಾಗಾದರೆ ಯಾವುದು? ಪೇಟೆಯೊಳಗಿನ ಹಂಚಿಕೆ, ಹನ್ನೆರಡು ಚೀಲದೊಳಗಿನ ಮಾಲು, ಸಮತಟ್ಟು ರಸ್ತೆ ಇದ್ದರೆ ಇರುವುದರಲ್ಲೇ ಹೊಸ ಏಸ್. ತಿಂಗಳಿಗೆ ಹದಿನೈದಿಪ್ಪತ್ತು ಬಾಡಿಗೆ, ಹೆದ್ದಾರಿಯಲ್ಲಿ ನೂರಿನ್ನೂರು ಕಿಲೋಮೀಟರ್, ಒಂದು ಟನ್ನಿನ ಆಚೀಚೆ ಮಾಲು, ಪಕ್ಕದ ಪೇಟೆಯಲ್ಲಿ ಸ್ಕ್ಯಾನರ್ ಇದ್ದರೆ ದೋಸ್ತ್. ಈ ದುಡ್ಡಿಗೆ ಒಟ್ಟಾರೆ ಹೆಚ್ಚು ಜನರಿಗೆ ಹೊಂದುವುದು ಅದೇ ಎಂದು ನನ್ನ ಅನಿಸಿಕೆ. ಮಲೆನಾಡು, ಘಾಟಿ, ಕೆಸರು, ಸ್ವಂತ ತೋಟ, ಗಾಡಿ ವಾರಕ್ಕೆ ಮೂರು ದಿನ ನಿಂತರೂ ನಡೆಯುತ್ತದೆ ಎನ್ನುವವರಿಗೆ ವಯಸ್ಸಾದ ಬೊಲೆರೊ ಡಿಐ. ದಿನಾ ಬಾಡಿಗೆ ಹೊಡೆದು ಕಂತು ಕಟ್ಟಬೇಕಾದವರಿಗೆ ಮಾತ್ರ ಮುದುಕ ಬೊಲೆರೊ ಬೇಡ. ಅದು ನಿಂತ ದಿನವೂ ಕಂತು ನಿಲ್ಲುವುದಿಲ್ಲ.

ಮೂರರಲ್ಲಿ ಯಾವುದನ್ನೇ ನೋಡಿ ಬಂದರೂ ಅಲ್ಲೇ ಟೋಕನ್ ಕೇಳುತ್ತಾರೆ, 'ಇನ್ನೊಂದು ಪಾರ್ಟಿ ಸಂಜೆ ಬರ್ತಿದೆ' ಎನ್ನುತ್ತಾರೆ. ಐದು ಸಾವಿರಕ್ಕಿಂತ ಹೆಚ್ಚು ಕೊಡಬೇಡಿ, ಅದನ್ನೂ ಫೋನ್ ಪೇ ಮೂಲಕ, ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ ಕಳಿಸಿ. ಆ ಇನ್ನೊಂದು ಪಾರ್ಟಿ ನಾಲ್ಕು ವರ್ಷದಿಂದ ನನಗೂ ಸಂಜೆ ಬರುತ್ತಲೇ ಇದೆ.